ಅತ್ತರು ಹಾಕಬೇಡಿ!

"ಸ್ವಲ್ಪ ಆಚೆ ಸರಿಯಿರಿ... ದಮ್ಮಯ್ಯ!"

ಮದುವೆಯ ಮರುದಿನ, ಬಂಟ್ವಾಳದಿಂದ ಬೆಳ್ತಂಗಡಿಗೆ ಹೊರಟ ಬಸ್ಸಿನಲ್ಲಿ ರಾಜೀವಿ ತನ್ನ ಗಂಡನಿಗೆ ಆಡಿದ ಮೊದಲ ಮಾತು ಅದು.

ಲೋಕನಾಥ ಬೆಚ್ಚಿ ಸರಿದ. ಅಷ್ಟರಲ್ಲಿ ಅವಳು ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡಿದಳು. ಬೆಳಿಗ್ಗೆ ತಾಯಿ ತಿನ್ನಿಸಿದ ಮೂಡೆ, ಕೋಳಿಸಾರು ಎಲ್ಲ ಹೊರಬಂತು. ಹಿಂದಿನ ಸೀಟಿನವರು ಮುಖ ಸಿಂಡರಿಸಿದರು.

'ಇವಳಿಗೆ ನನ್ನನ್ನು ಕಂಡರೆ ಹೇಸಿಗೆ!'

ಲೋಕನಾಥ ಬೆಳ್ತಂಗಡಿ ಪೇಟೆಯಲ್ಲಿ ಒಣಮೀನು ಮಾರುವವನು. ಎಷ್ಟು ಮಿಂದರೂ ಕೈಯಲ್ಲಿ ಅದೇ ವಾಸನೆ. ಅದನ್ನು ಅಡಗಿಸಲೆಂದೇ ಮೊಯ್ದೀನ್ ಬ್ಯಾರಿಯ ಅಂಗಡಿಯಿಂದ ಅತ್ತರು ತಂದು ಪೂಸಿಕೊಂಡಿದ್ದ.

ಮನೆಯಲ್ಲೂ ಅದೇ ಕಥೆ. ಅವನು ಹತ್ತಿರ ಬಂದರೆ ಸಾಕು, ಅವಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅವನು ಇನ್ನಷ್ಟು ಅತ್ತರು ಹಚ್ಚಿಕೊಂಡ... ಅವಳು ಇನ್ನಷ್ಟು ದೂರವಾದಳು. ಉಣ್ಣುವ ಗಂಜಿಯೂ ನಾರಿದಂತಾಗಿ ಅವಳಿಗೆ ಓಕರಿಕೆ ಬರುತ್ತಿತ್ತು.

'ಎಷ್ಟು ಒಳ್ಳೆಯ ಮನುಷ್ಯ... ಇವರಿಗೆ ಹೇಗೆ ಹೇಳಲಿ?'

ಒಂದು ಸಂತೆಯ ದಿನ ಅವನು ಮಳೆಯಲ್ಲಿ ನೆನೆದು ನೇರ ಮನೆಗೆ ಬಂದ. ಅಂಗಳದಲ್ಲೇ ನಿಂತ.

"ಹೆದರಬೇಡ, ಹತ್ತಿರ ಬರುವುದಿಲ್ಲ. ನಾಳೆ ನಿನ್ನನ್ನು ಬಂಟ್ವಾಳಕ್ಕೆ ಬಿಟ್ಟು ಬರ್ತೇನೆ. ಮೀನಿನವನ ಜೊತೆ ನೀನು ಯಾಕೆ ಕಷ್ಟಪಡಬೇಕು?"

ರಾಜೀವಿ ಓಡಿಬಂದು ಅವನ ಕೈ ಹಿಡಿದಳು. ಅತ್ತರೆಲ್ಲ ಮಳೆಗೆ ತೊಳೆದುಹೋಗಿ ಬರೀ ಉಪ್ಪು, ಬೆವರು, ಒಣಮೀನು... ಓಕರಿಕೆ ಬರಲೇ ಇಲ್ಲ!

"ನನಗೆ ಆಗದ್ದು ಮೀನಿನ ವಾಸನೆಯಲ್ಲ... ನಿಮ್ಮ ಆ ಅತ್ತರು!"

"ಅತ್ತರಾ?!"

"ನಾನು ಸಣ್ಣವಳಿದ್ದಾಗ ನೇತ್ರಾವತಿಗೆ ನೆರೆ ಬಂದಿತ್ತು. ಆಗಲೇ ಅಪ್ಪ ತೀರಿಹೋದರು. ಸುತ್ತ ಕೆಂಪು ನೀರು, ಸುಡಲಿಕ್ಕೆ ಒಣ ನೆಲವೇ ಇಲ್ಲ. ಎರಡು ದಿನ ಹೆಣ ಅಟ್ಟದ ಮೇಲೆ. ನಾವೂ ಅಲ್ಲೇ. ನಾತ ಮುಚ್ಚಲಿಕ್ಕೆ ಅತ್ತರು ಸುರಿದರು. ಮುಚ್ಚಲಿಲ್ಲ... ಎರಡೂ ಸೇರಿತು. ಅದರ ನಡುವೆ ಕೂತು ನಾನು ಅವಲಕ್ಕಿ ತಿಂದೆ! ಈಗ ಅತ್ತರು ಮೂಗಿಗೆ ಬಡಿದರೆ ಅಪ್ಪನ ಮುಖ ನೆನಪಾಗುವುದಿಲ್ಲ. ಬರೀ ನೊಣಗಳು..."

"ಮೊದಲೇ ಹೇಳಬಾರದಿತ್ತಾ ಮಾರಾಯ್ತಿ?"

"ಹೊಸ ಮದುಮಗಳು ಸಾವಿನ ಮಾತು ಎತ್ತಬಾರದು ಅಂತ ಅಮ್ಮ ಹೇಳಿದ್ದರು."

ಲೋಕನಾಥ ಅವಳ ಕೈ ಬಿಡದೆ ಮೆಲ್ಲ ಕೇಳಿದ.

"ನಿನ್ನ ಅಪ್ಪನಿಗೆ ತಿನ್ನಲಿಕ್ಕೆ ಏನು ಇಷ್ಟ ಇತ್ತು?"

ಯಾರೂ ಅವಳನ್ನು ಇದುವರೆಗೆ ಹಾಗೆ ಕೇಳಿರಲಿಲ್ಲ.

"ಕೆಂಡದಲ್ಲಿ ಸುಟ್ಟ ಬೂತಾಯಿ ಮೀನು. ಮುಳ್ಳು ತೆಗೆದು ನನ್ನ ಬಾಯಿಗಿಡ್ತಿದ್ದರು. ನಾನು ನುಂಗುವಾಗ ನಗ್ತಿದ್ದರು... ನಗುವಾಗ ಒಂದು ಕಣ್ಣು ಸಣ್ಣ ಆಗ್ತಿತ್ತು..."

ಅವಳ ಕೆನ್ನೆ ಒದ್ದೆಯಾಯಿತು.

"ಮುಖ ನೆನಪಾಯ್ತು..."

"ಇನ್ನೂ ಹೇಳು, ರಾಜೀವಿ."

"ಹೇಳ್ತೇನೆ. ಒಳಗೆ ಬನ್ನಿ, ಮೊದಲು ಊಟ ಮಾಡುವ..."

"ಇವತ್ತೂ ನೀನು ನನಗೆ ಬಡಿಸಿ ಆಮೇಲೆ ದೂರ ಕೂತು ಉಣ್ಣುವುದಾ?"

"ಇಲ್ಲ... ಇವತ್ತು ನಿಮ್ಮ ಪಕ್ಕದಲ್ಲೇ ಕೂತ್ಕೊಳ್ತೇನೆ!"