ಮೂರನೇ ಸಾಲಿನವನಿಗೆ ಕನ್ನಡ ಬರುತ್ತಿತ್ತು

ಮಹಾಶ್ವೇತಾ ಎದ್ದು ನಿಂತು ಇಪ್ಪತ್ತೈದು ನಿಮಿಷವಾಗಿತ್ತು. ಹೇಳಲು ಇನ್ನೇನೂ ಉಳಿದಿರಲಿಲ್ಲ.

ಸಿಡ್ನಿಯ ಒಂದು ವಿಶ್ವವಿದ್ಯಾಲಯ. ಅಮೆರಿಕದ ಸರ್ಕಾರ, ಕಾನೂನು, ರಾಜಕೀಯ ಓದುವ ತರಗತಿ. ಅವತ್ತು ಆ ಕೋಣೆಯೇ ಸೆನೆಟ್. ಒಂದು ಮಸೂದೆ ಮತಕ್ಕೆ ಹೋಗದಂತೆ ತಡೆಯುವುದು ಅವಳ ಪಾತ್ರ. ನಿಂತು ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಮತದಾನ ಶುರು. ಅದಕ್ಕೆ ಅಲ್ಲಿ ಫಿಲಿಬಸ್ಟರ್ ಎನ್ನುತ್ತಾರೆ.

"ಇನ್ನು ಹದಿನೈದು ನಿಮಿಷ ಇದೆ," ಎಂದರು ಟ್ಯೂಟರ್. "ವಿಷಯ ಯಾವುದಾದರೂ ಸರಿ."

"ಭಾಷೆಯೂ?" ಎಂದು ಕೇಳಿದಳು ಮಹಾಶ್ವೇತಾ.

ತರಗತಿ ನಕ್ಕಿತು. ಟ್ಯೂಟರ್ ಕೂಡ ನಗುತ್ತಾ ತಲೆಯಾಡಿಸಿದರು.

ಅವಳು ಕನ್ನಡದಲ್ಲಿ ಶುರು ಮಾಡಿದಳು. ಮೊದಲು ಧಾರವಾಡದ ಹಳೇ ಮನೆಯ ವಿಳಾಸ. ಆಮೇಲೆ ಎಣ್ಣೆಗಾಯಿ ಮಾಡುವ ಬಗೆ. ಆಮೇಲೆ... ಯಾಕೋ ಬಾಯಿ ಅವಳ ಹಿಡಿತದಲ್ಲಿ ಉಳಿಯಲಿಲ್ಲ.

"ನಮ್ಮವ್ವ ಹೋಗಿ ಇವತ್ತಿಗೆ ನಲವತ್ತೊಂದು ದಿನ. ಇಲ್ಲೇ ಸಿಡ್ನ್ಯಾಗಿನ ಲಿವರ್‌ಪೂಲ್ ಆಸ್ಪತ್ರ್ಯಾಗ ಇದ್ಲು. ಅವತ್ತ ಮುಂಜಾನೆ ಮೂರು ಸಲ ಫೋನ್ ಮಾಡಿದ್ಲು. ನಾ ಇದ ರೂಮಿನ್ಯಾಗ ಕುಂತಿದ್ದೆ. ಮೂರೂ ಸಲ ಕಟ್ ಮಾಡಿದೆ. ಕ್ಲಾಸ್ ಮುಗದ ಮ್ಯಾಲೆ ಮಾಡಿದ್ರಾತು ಅಂದ್ಕೊಂಡೆ... ನಾ ಹೋಗೂದ್ರಾಗ ಅಕಿಗೆ ಮಾತು ನಿಂತಿತ್ತು. ನಮ್ಮಕ್ಕಗ ಸುಳ್ಳ ಹೇಳೀನಿ. ಅವ್ವನ ಕೂಡ ಮಾತಾಡಿದೆ ಅಂತ ಹೇಳೀನಿ."

ಸಮಯ ಮುಗಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಮಸೂದೆ ಬಿದ್ದುಹೋಗಿತ್ತು.

ಮೂರನೇ ಸಾಲಿನ ತುಷಾರ್ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಅವನು ಉಡುಪಿಯವನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅವಳ ಒಂದೊಂದು ಮಾತೂ ಅವನಿಗೆ ಅರ್ಥವಾಗಿತ್ತು.

ಹೇಳಿಬಿಡಬೇಕೆಂದೇ ಅವನು ಎದ್ದು ಹೋದ. ಅವಳು ತಲೆ ಎತ್ತದೆ ಪುಸ್ತಕಗಳನ್ನು ಚೀಲಕ್ಕೆ ತುರುಕುತ್ತಿದ್ದುದನ್ನು ನೋಡಿ ಮನಸ್ಸು ಬದಲಿಸಿದ. ನೀರಿನ ಬಾಟಲಿ ಕೊಟ್ಟು, ಆರಾಮಾಗಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದ.

ಹೆಸರು ಕೇಳಿ ಅವಳು ಅವನನ್ನು ಗುಜರಾತಿನವನು ಅಂದುಕೊಂಡಳು. ಅವನು ತಿದ್ದಲಿಲ್ಲ.

ನಾಳೆ ಹೇಳಿದರಾಯಿತು ಅಂದುಕೊಂಡ. ಮರುದಿನ ಕ್ಯಾಂಟೀನಿನಲ್ಲಿ ಅವಳು ಯಾವುದಕ್ಕೋ ಸ್ವಲ್ಪ ನಕ್ಕಳು. ಆ ನಗುವನ್ನು ಹೇಗೆ ಕೆಡಿಸುವುದು?

ಇಬ್ಬರಿಗೂ ಸೇರಿ ಒಂದು ಪ್ರಬಂಧ ಬರೆಯುವ ಕೆಲಸ ಬಂತು. ವಿಷಯ, ಅಮೆರಿಕದ ಅಧ್ಯಕ್ಷರಿಗಿರುವ ಕ್ಷಮಾದಾನದ ಅಧಿಕಾರ. ಲೈಬ್ರರಿಯಲ್ಲಿ ಎಷ್ಟೋ ಮಧ್ಯಾಹ್ನ ಎದುರುಬದುರು ಕೂತು ಓದಿದರು. ಅಧ್ಯಕ್ಷನೊಬ್ಬ ತನ್ನನ್ನು ತಾನೇ ಕ್ಷಮಿಸಿಕೊಳ್ಳಬಹುದೇ? ಯಾವ ನ್ಯಾಯಾಲಯವೂ ಇನ್ನೂ ತೀರ್ಮಾನಿಸಿಲ್ಲ ಎಂದಿತ್ತು ಪುಸ್ತಕ. ಆ ಸಾಲಿನ ಮೇಲೆ ಅವಳ ಕಣ್ಣು ತುಂಬಾ ಹೊತ್ತು ನಿಂತಿತು. ತುಷಾರ್ ಏನೂ ಕೇಳಲಿಲ್ಲ. ಟೀ ತಂದಿಟ್ಟ.

'ಇವನಿಗೆ ನನ್ನ ಬಗ್ಗೆ ಏನೂ ಗೊತ್ತಿಲ್ಲ... ಅದಕ್ಕೇ ಇವನ ಹತ್ತಿರ ಉಸಿರಾಡಬಹುದು.'

ಹೀಗಂದುಕೊಳ್ಳುತ್ತಲೇ ಅವಳು ಅವನನ್ನು ಪ್ರೀತಿಸತೊಡಗಿದ್ದಳು.

ಎರಡು ತಿಂಗಳಾದ ಮೇಲೆ ಅಕ್ಕ ಉಷಾ ಮೆಲ್ಬರ್ನ್‌ನಿಂದ ಬಂದಳು. ಲಿವರ್‌ಪೂಲಿನಲ್ಲಿ ಅವ್ವ ಮತ್ತು ಮಹಾಶ್ವೇತಾ ಇದ್ದ ಫ್ಲ್ಯಾಟ್ ಖಾಲಿ ಮಾಡಬೇಕಿತ್ತು. ತುಷಾರ್ ವ್ಯಾನ್ ಬುಕ್ ಮಾಡಿ, ಬಾಕ್ಸ್ ಹೊರಲು ತಾನೂ ಬಂದ.

ಅವ್ವನ ಇಳಕಲ್ ಸೀರೆಗಳನ್ನು ಮಡಚುತ್ತಾ ಉಷಾ ತಟ್ಟನೆ ಕೇಳಿದಳು. "ಕೊನೀಗೆ ಏನಂದ್ಲ ಅವ್ವ? ನೀ ಒಬ್ಬಾಕೀನ ಮಾತಾಡಿದಾಕಿ. ಒಂದ ದಿನಾನೂ ಹೇಳಲಿಲ್ಲ ನನಗ."

ಮಹಾಶ್ವೇತಾ ಮಡಚಿಟ್ಟಿದ್ದ ಸೀರೆಯೊಂದನ್ನು ಬಿಚ್ಚಿ ಮತ್ತೆ ಮಡಚತೊಡಗಿದಳು.

"ಹೇಳ. ನನ್ನ ಹೆಸರು ತಗದ್ಲೇನು?"

ಅವಳು ಸೀರೆಯನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿದಳು. ಬಾಗಿಲಲ್ಲಿ ಬಾಕ್ಸ್ ಹಿಡಿದು ನಿಂತಿದ್ದ ತುಷಾರ್‌ಗೆ ತಡೆಯಲಾಗಲಿಲ್ಲ.

"ಈಗ ಬೇಡ ಅಕ್ಕ," ಎಂದುಬಿಟ್ಟ. "ಅವಳಿಗೆ ಹೇಳ್ಲಿಕ್ಕೆ ಆಗುದಿಲ್ಲ. ದಯವಿಟ್ಟು ಕೇಳ್ಬೇಡಿ."

ಮಹಾಶ್ವೇತಾ ನಿಧಾನವಾಗಿ ಅವನ ಕಡೆ ತಿರುಗಿದಳು.

"ನಿನಗ ಕನ್ನಡ ಬರ್ತದ?"

"ಹೌದು."

"ಅವತ್ತ... ಕ್ಲಾಸಿನ್ಯಾಗ?"

ಅವನು ತಲೆ ತಗ್ಗಿಸಿದ.

"ಎಲ್ಲಾ ಗೊತ್ತಿತ್ತು ನಿನಗ. ಎರಡು ತಿಂಗಳು ಕನಿಕರ ಮಾಡ್ಕೊಂತ ನನ್ನ ಹಿಂದ ತಿರುಗಿದಿ."

"ಕನಿಕರ ಅಲ್ಲ ಶ್ವೇತಾ..."

"ಹೋಗು."

ಅವನು ಬಾಕ್ಸ್ ಕೆಳಗಿಟ್ಟು ಹೊರಟುಹೋದ.

ಅವಳು ಓದನ್ನು ಅರ್ಧಕ್ಕೇ ಬಿಟ್ಟು ಅಕ್ಕನ ಜೊತೆ ಮೆಲ್ಬರ್ನ್‌ಗೆ ಹೋದಳು. ಅಲ್ಲಿನ ಗ್ಲೆನ್ ವೇವರ್ಲಿ ಬಡಾವಣೆಯ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದವಳು ಏಳುತ್ತಿದ್ದುದೇ ಕಡಿಮೆ. ವಿಶ್ವವಿದ್ಯಾಲಯದ ಇಮೇಲ್‌ಗಳನ್ನು ತೆರೆಯಲಿಲ್ಲ. ತುಷಾರ್‌ನ ಮೆಸೇಜ್‌ಗಳನ್ನೂ ತೆರೆಯಲಿಲ್ಲ. ಸಂಜೆ ಶಾಲೆ ಬಿಟ್ಟ ಮಕ್ಕಳ ಗದ್ದಲ ಕೇಳಿದಾಗ ಮಾತ್ರ ಇನ್ನೊಂದು ದಿನ ಹೋಯಿತೆಂದು ಗೊತ್ತಾಗುತ್ತಿತ್ತು.

ಇಪ್ಪತ್ತನೇ ದಿನ ಅಡುಗೆಮನೆಗೆ ಬಂದು ಅಕ್ಕನಿಗೆ ನಿಜ ಹೇಳಿದಳು. ಮೂರು ಕರೆ. ಮೂರನ್ನೂ ಕಟ್ ಮಾಡಿದ್ದು. ಆಮೇಲಿನ ಸುಳ್ಳು.

ಉಷಾ ಒಲೆ ಆರಿಸಿದಳು. ಒಂದೂ ಮಾತಾಡದೆ ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಲ್ಕು ದಿನ ಅವಳು ತಂಗಿಯ ಮುಖ ನೋಡಲಿಲ್ಲ. ಮಹಾಶ್ವೇತಾ ಊಟ ಬಿಟ್ಟಳು. 'ಅವ್ವನೂ ಹೋದ್ಲು, ಅಕ್ಕನೂ ಹೋದ್ಲು... ಅವನನ್ನಂತೂ ನಾನೇ ಕಳಿಸಿದೆ.' ಅಳು ಮಾತ್ರ ಬರಲಿಲ್ಲ. ಅವ್ವ ಸತ್ತ ದಿನದಿಂದಲೂ ಬಂದಿರಲಿಲ್ಲ.

ಐದನೆಯ ದಿನ, ಶನಿವಾರ ಮಧ್ಯಾಹ್ನ, ಬೆಲ್ಲಾಯಿತು. ಯಾರೂ ತೆಗೆಯದಿದ್ದಾಗ ಅವಳೇ ಎದ್ದು ಹೋದಳು.

ತುಷಾರ್ ನಿಂತಿದ್ದ. ಗಡ್ಡ ಬೆಳೆದಿತ್ತು.

"ಯಾಕ ಬಂದಿ?"

"ನಿನ್ನ ಅಕ್ಕ ಕರೆದ್ರು. ವ್ಯಾನಿಗೆ ಅಂತ ಕೊಟ್ಟ ನಂಬರ್ ಉಂಟಲ್ಲ ಅವರ ಹತ್ರ."

"ಅಕ್ಕ?"

"ಅವರ ಸಿಟ್ಟು ಇಳಿಲಿಲ್ಲವಂತೆ. ಆದ್ರೆ ನೀನು ಊಟ ಬಿಟ್ಟದ್ದು ನೋಡ್ಲಿಕ್ಕೆ ಆಗುದಿಲ್ಲವಂತೆ. ನೀವಾದ್ರೂ ಬನ್ನಿ ಅಂದ್ರು. ಫೋನಲ್ಲಿ ಅಳ್ತಾ ಇದ್ರು."

ಅವಳು ಮೆಟ್ಟಿಲ ಮೇಲೆ ಕೂತಳು. ಅವನು ಸ್ವಲ್ಪ ದೂರದಲ್ಲಿ ಕೂತ.

"ನಾನು ಹೆದರಿದ್ದೆ ಶ್ವೇತಾ. ಗೊತ್ತಿದೆ ಅಂತ ಹೇಳಿದ್ರೆ ನೀನು ಮತ್ತೆ ನನ್ನ ಹತ್ರ ಕೂತ್ಕೊಳ್ಳುದಿಲ್ಲ ಅಂತ. ಒಂದೊಂದು ದಿನ ಹೋದ ಹಾಗೆ ಹೇಳುದು ಮತ್ತೂ ಕಷ್ಟ ಆಯ್ತು. ನಂದು ತಪ್ಪು. ಅದಕ್ಕೆ ಬೇರೆ ಹೆಸರಿಲ್ಲ."

"ನಾ ಮತ್ತ ಮೊದಲಿನಂಗ ಆಗಂಗಿಲ್ಲ, ತುಷಾರ್. ಹಂಗ ಆಗ್ತೇನಿ ಅಂತ ಬಂದಿದ್ರ ತಿರುಗಿ ಹೋಗು."

"ಮೊದಲು ನೀನು ಹೇಗಿದ್ದೆ ಅಂತ ನಂಗೆ ಗೊತ್ತೇ ಇಲ್ಲ," ಎಂದ ಅವನು ಮೆಲ್ಲಗೆ. "ನಾನು ನಿನ್ನ ನೋಡಿದ್ದೇ ಹೀಗೆ. ಪ್ರೀತಿಸಿದ್ದೂ ಹೀಗಿರುವವಳನ್ನೇ."

ಅವಳ ಗಂಟಲಿಂದ ವಿಚಿತ್ರವಾದ ಸದ್ದೊಂದು ಹೊರಟಿತು. ನಾಲ್ಕು ತಿಂಗಳಿಂದ ಬಾರದ ಅಳು ಅದು. ಅವನು ಹತ್ತಿರ ಸರಿದ. ಅವಳು ಅವನ ಭುಜಕ್ಕೆ ಹಣೆಯಿಟ್ಟು ಅತ್ತಳು, ಉಸಿರು ಸಿಗದಷ್ಟು ಅತ್ತಳು.

ಹಿಂದೆ ಬಾಗಿಲು ತೆರೆಯಿತು. ಉಷಾ ಅನ್ನ ಸಾರಿನ ಎರಡು ತಟ್ಟೆ ತಂದು ಅವರ ಪಕ್ಕ ಇಟ್ಟಳು. ಅವಳ ಕಣ್ಣುಗಳೂ ಊದಿಕೊಂಡಿದ್ದವು.

"ಆರಿ ಹೋಗೂದ್ರಾಗ ಉಣ್ರಿ," ಎಂದಷ್ಟೇ ಹೇಳಿ ಒಳಗೆ ಹೋದಳು. ನಾಲ್ಕು ದಿನದ ಮೇಲೆ ಆಡಿದ ಮೊದಲ ಮಾತು.

ಮಹಾಶ್ವೇತಾ ಒಂದು ತುತ್ತು ನುಂಗಿದಳು. ಆಮೇಲೆ ಕೈ ಹಾಗೇ ತಟ್ಟೆಯಲ್ಲಿಟ್ಟುಕೊಂಡು ಕೂತಳು.

"ಏನಾರ ಮಾತಾಡು. ಕನ್ನಡದಾಗ."

"ಎಂತ ಮಾತಾಡ್ಲಿ?"

"ನಂದೆಲ್ಲಾ ನಿನಗ ಗೊತ್ತದ. ನಿಂದು ನನಗ ಒಂದೂ ಗೊತ್ತಿಲ್ಲ. ಯಾರಿಗೂ ಹೇಳಲಾರದ್ದು ಏನಾರ ಇದ್ರ... ಅದನ್ನ ಹೇಳು."

ಅವನು ತಟ್ಟೆ ಕೆಳಗಿಟ್ಟು ರಸ್ತೆಯ ಕಡೆ ನೋಡಿದ.

"ನಾನು ಅಪ್ಪನ ಹತ್ರ ಮಾತಾಡದೆ ಆರು ವರ್ಷ ಆಯ್ತು," ಎಂದ.

ಅವಳು ತಟ್ಟೆ ಪಕ್ಕಕ್ಕಿಟ್ಟು, ಎಡಗೈಯಿಂದ ಅವನ ಕೈ ಹಿಡಿದುಕೊಂಡಳು.

"ಹೇಳು. ನಾ ಎಲ್ಲೀನೂ ಹೋಗಂಗಿಲ್ಲ."