ಗೋಡೆಯ ಆ ತುದಿ

ಸಂಜೆ ಅಂಗಡಿಯ ಷಟರ್ ಎಳೆದು ಟೈಲರಕ್ಕ ಆ ಪುಟ್ಟ ಪಾರ್ಕಿಗೆ ಬಂದು ಕೂತಾಗ, ಬೆನ್ನ ಹಿಂದಿನ ಹಳೆಯ ಅರಮನೆಯ ಗೋಡೆ ಅವಳ ಕಿವಿಯಲ್ಲಿ ಪಿಸುಗುಟ್ಟಿತು: "ಇವತ್ತೂ ಬಿಸಿಲು ಜೋರಿತ್ತು ಕಣೇ."

ಅವಳು ತಟ್ಟನೆ ತಿರುಗಿ ನೋಡಿದಳು. ಸುತ್ತ ಯಾರೂ ಇರಲಿಲ್ಲ. ಆ ಗೋಡೆಯ ಮೇಲೆ ಪಾರಿವಾಳ ಕೂಡ ಕೂರುತ್ತಿರಲಿಲ್ಲ.

ಎದ್ದು ಓಡಬೇಕಿತ್ತು. ಆದರೆ ದನಿಯಲ್ಲಿ ಎಂಥ ದಣಿವಿತ್ತೆಂದರೆ, ಅವಳೂ ಪಿಸುದನಿಯಲ್ಲಿ ಕೇಳಿಬಿಟ್ಟಳು: "ಊಟ ಆಯ್ತಾ?"

ಗೋಡೆ ಅತ್ತಿತು.

ಮರುದಿನ ಧೈರ್ಯ ಮಾಡಿ, ಪೊದೆಗಳ ಮರೆಯಲ್ಲಿ ಹೋಗಿ ನೋಡಿದಳು. ಗೋಡೆ ಅರ್ಧಚಂದ್ರದಂತೆ ಬಾಗಿತ್ತು. ಅದರ ಆ ತುದಿಯಲ್ಲಿ, ಬಸ್ ಸ್ಟ್ಯಾಂಡಿನ ಬಳಿ ವಾಚ್ ರಿಪೇರಿ ಮಾಡುವವರೊಬ್ಬರು ಕಲ್ಲಿಗೆ ಹಣೆ ಹಚ್ಚಿ ಕೂತಿದ್ದರು. ಒಂದು ತುದಿಯ ಮಾತು ಕಲ್ಲಿನಲ್ಲೇ ಹರಿದು ಇನ್ನೊಂದು ತುದಿ ಸೇರುತ್ತಿತ್ತು. ಮದುವೆಯಾದ ಹೊಸತರಲ್ಲಿ ಅವರೂ ಅವರ ಹೆಂಡತಿಯೂ ಹೀಗೇ ಎರಡು ತುದಿಯಲ್ಲಿ ಕೂತು ಗುಟ್ಟು ಹೇಳಿಕೊಳ್ಳುತ್ತಿದ್ದರೆಂದು ಅವರ ಮಾತಿನಿಂದಲೇ ತಿಳಿಯಿತು. ಹೆಂಡತಿ ತೀರಿಕೊಂಡಿದ್ದಳು; ಕಲ್ಲಿನಲ್ಲಿ ಬಂದ ದನಿ ಅವಳದೇ ಎಂದು ಅವರು ನಂಬಿದಂತಿತ್ತು.

ಆಮೇಲಿನ ಸಂಜೆಗಳಲ್ಲಿ ಗೋಡೆಯ ಮೂಲಕವೇ ಅವರು ರಿಪೇರಿಯಾದ ಮೇಲೆ ಹಿಂದಕ್ಕೆ ಓಡಿದ ಗಡಿಯಾರದ ಕಥೆ ಹೇಳಿದರು. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

"ಬ್ಲೌಸ್ ಬಿಟ್ಟು ಗಾಳಿಗೆ ಹೊಲಿಗೆ ಹಾಕ್ತಿದ್ದೀಯಲ್ಲೇ," ಎಂದು ಅತ್ತಿಗೆ ಕೆಣಕಿದಳು. "ಯಾರು ಆ ಪುಣ್ಯಾತ್ಮ?"

ಏನೆಂದು ಹೇಳುವುದು? ನಿಜ ಹೇಳಿದರೆ ಅವರ ಹೆಂಡತಿ ಇನ್ನೊಮ್ಮೆ ಸತ್ತಂತೆ. ಹೇಳದಿದ್ದರೆ ತಾನು ಬದುಕಿದ್ದೂ ಸತ್ತವಳ ದನಿಯಾಗಿಯೇ ಉಳಿಯಬೇಕು. ಒಂದು ಸಂಜೆ ಹೋಗದೆ ಮನೆಯಲ್ಲೇ ಕೂತು ಯೋಚಿಸಿದಳು. ಮರುದಿನ ನೇರ ಆ ತುದಿಗೇ ನಡೆದಳು. ಅವಳ ಹೆಜ್ಜೆಯ ಸದ್ದು ಗೋಡೆಯಲ್ಲಿ ಅವಳಿಗಿಂತ ಮುಂದೆ ಹೋಗುತ್ತಿತ್ತು.

"ಮಾತಾಡ್ತಿದ್ದದ್ದು ನಾನು," ಎಂದಳು. "ಮೋಸ ಮಾಡ್ಬೇಕು ಅಂತಲ್ಲ. ನಿಮ್ಮನ್ನ ಹಾಗೇ ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ. ಈಗಂತೂ ಆಗೋದೇ ಇಲ್ಲ."

ಅವರು ತಲೆಯೆತ್ತಿದರು. ಮುಖದಲ್ಲಿ ಕೋಪವಿರಲಿಲ್ಲ.

"ಮೊದಲೇ ಗೊತ್ತಾಗಿತ್ತು. ನನ್ನವಳು ಅಷ್ಟು ತಾಳ್ಮೆಯಿಂದ ನನ್ನ ಕಥೆ ಕೇಳಿದವಳೇ ಅಲ್ಲ. ನಾನು ಹುಡುಕ್ಕೊಂಡು ಬಂದ್ರೆ ಎಲ್ಲಿ ಮಾತು ನಿಲ್ಲಿಸಿಬಿಡ್ತೀರೋ ಅಂತ ಹೆದರಿದ್ದೆ." ಕಲ್ಲಿನ ಮೇಲೆ ಅವರು ಆಗಲೇ ಕರ್ಚೀಫು ಹಾಸಿಟ್ಟಿದ್ದರು. "ನಿನ್ನೆ ನನ್ನವಳ ಹಾಗೇ ಚೆನ್ನಾಗಿ ಗದರಿದ್ರಿ. 'ನಾಳೆ ಅವಳು ಬರ್ತಾಳೆ, ನಿಲ್ಲಿಸ್ಕೊಂಡೇ ಮಾತಾಡಿಸ್ಬೇಡಿ, ಕೂರಿಸಿ' ಅಂತ."

ಕೂರಲು ಹೋದ ಟೈಲರಕ್ಕ ಅಲ್ಲೇ ನಿಂತಳು.

"ನಿನ್ನೆ ನಾನು ಬಂದಿರಲಿಲ್ಲ."

ಇಬ್ಬರೂ ಗೋಡೆಯ ತಿರುವಿನತ್ತ ನೋಡಿದರು. ಕತ್ತಲು ಇಳಿಯುತ್ತಿತ್ತು. ಎಲೆ ಕೂಡ ಅಲುಗಲಿಲ್ಲ.

"ಹಾಗಾದ್ರೆ ಕೂತ್ಕೊಂಡುಬಿಡಿ," ಎಂದರು ಅವರು ಮೆಲ್ಲಗೆ. "ಇಲ್ಲಾಂದ್ರೆ ಬೈಸ್ಕೊಳ್ಳೋನು ನಾನು."

ಅವಳು ಕೂತಳು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.