ರೆಕಾರ್ಡರ್ ಆಫ್ ಆಗಿರಲಿಲ್ಲ

“ಇವರು ನಿಮ್ಮ ಗಂಡ,” ಎಂದರು ಮೇಲಧಿಕಾರಿ, ಫೈಲಿನಿಂದ ತಲೆಯೆತ್ತದೆ.

ಬಾಗಿಲ ಬಳಿ ನಿಂತಿದ್ದ ಮನುಷ್ಯ ಕೆಮ್ಮಿದ. ಗರಿಗರಿ ಇಸ್ತ್ರಿ ಮಾಡಿದ ಸಮವಸ್ತ್ರ, ಕೈಯಲ್ಲೊಂದು ಟಾರ್ಚು, ಕಿವಿಯವರೆಗೂ ಕೆಂಪೇರಿದ ಮುಖ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು... ಇದೇನಿದು, ನಾಟಕದ ಗಂಡನಿಗೂ ಇಷ್ಟು ಗಾಬರಿಯಾ?

ಅವಳು ವನ್ಯಜೀವಿ ಅಪರಾಧ ವಿಭಾಗದ ತನಿಖಾಧಿಕಾರಿ. ವೇಷ ಹಾಕಿಕೊಂಡು ಕಳ್ಳ ವ್ಯಾಪಾರಿಗಳ ಬಳಿ ಗಿರಾಕಿಯಂತೆ ಹೋಗಿ ಸಾಕ್ಷಿ ಹಿಡಿದು ತರುವುದು ಅವಳ ಕೆಲಸ. ಅವನೂ ಅದೇ ಇಲಾಖೆಯವನು, ಆದರೆ ಇನ್‌ಸ್ಪೆಕ್ಟರ್. ಬಂದರಿನಲ್ಲಿ ಪಾರ್ಸೆಲ್ ಬಿಚ್ಚುವುದು, ಪರವಾನಗಿ ನೋಡುವುದು, ಪೆಟ್ಟಿಗೆಯೊಳಗೆ ಯಾವುದಾದರೂ ಜೀವ ಅಡಗಿದೆಯೇ ಎಂದು ಹುಡುಕುವುದು ಅವನ ಪಾಲಿನದು. ನಟನೆ ಎಂದರೆ ಅವನಿಗೆ ಕಬ್ಬಿಣದ ಕಡಲೆ. ಆಮೆಗಳ ಜಾತಿ ಗುರುತಿಸಬಲ್ಲ ಎಂದು ಕರೆಸಿದ್ದರು, ಅಷ್ಟೇ.

ಬಣ್ಣದ ಮೀನು ಮಾರುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಮೆ ಮರಿಗಳನ್ನು ಮಕ್ಕಳ ಕಾಲುಚೀಲಗಳಲ್ಲಿ ತುರುಕಿ ಮಾರುತ್ತಿದ್ದರು. ಇವರಿಬ್ಬರು ಹೊಸದಾಗಿ ಮದುವೆಯಾದವರಂತೆ ಹೋಗಿ ಕೊಳ್ಳಬೇಕಿತ್ತು.

ಕೆಲವು ಸಂಜೆ ಇಲಾಖೆಯ ಹಳೇ ಕಾರಿನಲ್ಲಿ ಕೂತು ಗಂಡ ಹೆಂಡತಿಯ ಮಾತು ಅಭ್ಯಾಸ ಮಾಡಿದರು. ಅವನು ಅವಳನ್ನು “ಮೇಡಂ” ಎನ್ನುವುದನ್ನು ಬಿಡಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು. ಹಾಗೇ ಒಂದು ಸಂಜೆ, ಮದುವೆಯ ಮಾತು ಬಂದಾಗ, ಅವನು ತನ್ನದೊಂದು ನೋವನ್ನು ಹೇಳಿಕೊಂಡ. ನಿಶ್ಚಯವಾಗಿದ್ದ ಸಂಬಂಧ ಮುರಿದಿತ್ತಂತೆ. ಇನ್‌ಸ್ಪೆಕ್ಟರ್ ಎಂದರೆ ಪೊಲೀಸ್ ಎಂದುಕೊಂಡಿದ್ದರಂತೆ ಹುಡುಗಿಯ ಕಡೆಯವರು. ಪಾರ್ಸೆಲ್‌ನಲ್ಲಿ ಹಲ್ಲಿ, ಆಮೆ ಹುಡುಕುವವನು ಎಂದು ತಿಳಿದ ಮೇಲೆ ಫೋನೂ ಎತ್ತಲಿಲ್ಲವಂತೆ.

“ಇದನ್ನ ಯಾರಿಗೂ ಹೇಳಿಲ್ಲ,” ಎಂದ. ಅವಳು ತಲೆಯಾಡಿಸಿದ್ದಳು.

ಅಂಗಡಿಯಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು. ಯಾವ ಮರಿ ಬೇಕು ಎಂದು ವ್ಯಾಪಾರಿ ಕೇಳಿದಾಗ ಅವನು ಅವಳನ್ನೇ ನೋಡುತ್ತಾ, ಇವಳ ಮುಖದಲ್ಲಿ ನಗು ತರಿಸುವಂಥದ್ದನ್ನೇ ಕೊಡಿ, ಎಂದುಬಿಟ್ಟ. ಅಭ್ಯಾಸ ಮಾಡಿದ ಮಾತಲ್ಲ ಅದು! ಅವಳಿಗೆ ಮುಂದಿನ ಮಾತೇ ಮರೆತುಹೋಯಿತು. ಅಷ್ಟರಲ್ಲಿ ತಂಡದವರು ನುಗ್ಗಿದರು, ವ್ಯಾಪಾರಿ ಸಿಕ್ಕಿಬಿದ್ದ.

ಇನ್‌ಸ್ಪೆಕ್ಟರ್ ಒಳಗೆ ಒಂದೊಂದೇ ಕಾಲುಚೀಲ ಬಿಚ್ಚಿ ಮರಿಗಳಿಗೆ ಗಾಳಿ ಕಾಣಿಸುತ್ತಿದ್ದ. ಅವಳು ಕಾರಿಗೆ ಬಂದು ಅಕ್ಕನಿಗೆ ಫೋನ್ ಮಾಡಿದಳು. ವ್ಯಾಪಾರಿಯ ಮಾತು ಹಿಡಿಯಲು ಕೈಚೀಲದೊಳಗೆ ಇಟ್ಟಿದ್ದ ರೆಕಾರ್ಡರ್ ಓಡುತ್ತಲೇ ಇತ್ತು. ಸಾಕ್ಷಿಗಳೆದುರು ಸೀಲ್ ಮಾಡುವವರೆಗೆ ಅದನ್ನು ನಿಲ್ಲಿಸುವಂತಿಲ್ಲ. ಇಷ್ಟು ವರ್ಷದ ಅನುಭವಸ್ಥೆ, ಅದೊಂದನ್ನು ಮರೆತಳು.

ಮರುದಿನ ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಕೂತರು. ರೆಕಾರ್ಡ್ ಆದದ್ದನ್ನೆಲ್ಲ ಪದ ಬಿಡದೆ ಬರೆದು ಸಹಿ ಹಾಕಬೇಕಿತ್ತು. ವ್ಯಾಪಾರಿಯ ಮಾತು ಮುಗಿಯಿತು. ಕಾರಿನ ಬಾಗಿಲು ಹಾಕಿದ ಸದ್ದು. ಆಮೇಲೆ...

“ಅಕ್ಕಾ, ಇವತ್ತು ಹಲ್ಲಿ ಹುಡುಕೋನ ಹೆಂಡ್ತಿ ಆಗಿದ್ದೆ ಕಣೇ! ಪೊಲೀಸ್ ಅಂದ್ಕೊಂಡು ಹೆಣ್ಣು ಕೊಡೋಕೆ ಬಂದೋರು, ಪೆಟ್ಟಿಗೆ ಬಿಚ್ಚೋನು ಅಂತ ಗೊತ್ತಾಗಿ ಓಡಿಹೋದ್ರಂತೆ...”

ಆಮೇಲೆ ಅವಳ ನಗು. ಹೊಟ್ಟೆ ಹಿಡಿದುಕೊಂಡು ನಕ್ಕ ನಗು.

ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. “ಉಳಿದಿದ್ದು ನಿಮ್ಮ ದನಿಯೇ. ನೀವೇ ಬರ್ಕೊಳ್ಳಿ, ಮೇಡಂ.” ತನ್ನ ಭಾಗಕ್ಕೆ ಸಹಿ ಹಾಕಿ ಹೊರಟುಹೋದ.

ಭೂಮಿ ಬಾಯ್ಬಿಡಬಾರದೇ ಎನಿಸಿತು ಅವಳಿಗೆ. ನಂಬಿ ಹೇಳಿದ ಮಾತನ್ನು ಹೀಗೆ ಆಡಿಕೊಂಡೆನಲ್ಲ... ಆದರೆ ರೆಕಾರ್ಡರ್‌ನಲ್ಲಿ ಮಾತು ಇನ್ನೂ ಇತ್ತು. ನಗು ನಿಂತ ಮೇಲೆ ಅವಳದೇ ದನಿ ಮೆತ್ತಗಾಗಿತ್ತು.

“ನಗಬಾರದಿತ್ತು ಕಣೇ. ಅವನನ್ನ ಬಿಟ್ಟು ಹೋದವಳು ದಡ್ಡಿ. ನಾಟಕ ಮುಗಿದಿದ್ದೇ ನಂಗೆ ಇಷ್ಟ ಆಗ್ಲಿಲ್ಲ ಅಕ್ಕಾ. ನಿಜವಾಗ್ಲೂ ಅವನ ಜೊತೆ ಮನೆಗೆ ಹೋಗೋ ಹಾಗಿದ್ರೆ...”

ಅದನ್ನೂ ಬರೆದಳು. ಒಂದು ಪದವನ್ನೂ ಬಿಡಲಿಲ್ಲ.

ಕಚೇರಿಯ ಗುಮಾಸ್ತರು ಅವಳ ಮುಖ ನೋಡಿ ಕರಗಿದರು. ಅಷ್ಟನ್ನು ಕತ್ತರಿಸಿಬಿಡಿ, ಯಾರಿಗೆ ಗೊತ್ತಾಗುತ್ತೆ, ಎಂದರು. ಒಂದು ಕ್ಷಣ ಆಸೆಯಾಯಿತು. ಆದರೆ ಒಂದೇ ಒಂದು ಪದ ಕಾಣೆಯಾದರೂ ಇಡೀ ಸಾಕ್ಷಿ ಬಿದ್ದುಹೋಗುತ್ತದೆ, ವ್ಯಾಪಾರಿ ಮೀಸೆ ತಿರುವುತ್ತಾ ಹೊರಗೆ ಬರುತ್ತಾನೆ. ಬೇಡ ಎಂದಳು.

ಬಂದರಿಗೆ ಫೋನ್ ಮಾಡಿ ಕ್ಷಮೆ ಕೇಳಿದಳು. ಕೆಲಸದ ವಿಷಯವಿದ್ದರೆ ಹೇಳಿ ಎಂದ ಅವನು. ಉಳಿದರ್ಧವನ್ನು ಆಗಲೇ ಹೇಳಬಹುದಿತ್ತು. ಆದರೆ ಹೊಡೆದ ಕೈಯಲ್ಲೇ ಮುಲಾಮು ಹಿಡಿದು ಹೋದಂತಾಗುತ್ತದೆ, ಯಾರು ನಂಬುತ್ತಾರೆ? ನುಂಗಿಕೊಂಡಳು. ಆಮೇಲೆ ಅಕ್ಕನ ಫೋನ್ ಬಂದರೂ ಅವಳಿಗೆ ನಗಲು ಭಯ.

ವಿಚಾರಣೆಯ ದಿನ ಅವನ ಸಾಕ್ಷ್ಯ ಮೊದಲೇ ಮುಗಿದಿತ್ತು. ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವಳು ಕಟಕಟೆ ಹತ್ತಿದಾಗ ವ್ಯಾಪಾರಿಯ ವಕೀಲರು, ಇವರು ತನಿಖೆಗೆ ಹೋಗಿದ್ದರೋ ಸರಸಕ್ಕೆ ಹೋಗಿದ್ದರೋ ನೀವೇ ಕೇಳಿ ಎಂದು, ಕಾರಿನೊಳಗಿನ ಮಾತನ್ನು ಮೊದಲಿಂದ ಕೊನೆಯವರೆಗೆ ಹಾಕಿಸಿದರು.

ನಗು ಕೇಳಿಸಿದಾಗ ಕೋರ್ಟೂ ನಕ್ಕಿತು. ಅವಳು ಕಣ್ಣು ಮುಚ್ಚಿಕೊಂಡಳು. ತನ್ನ ಮಾನ ಹೋದದ್ದಲ್ಲ, ಅವನದನ್ನು ಎಲ್ಲರೆದುರು ಹರಾಜಿಗಿಟ್ಟಂತಾಯಿತಲ್ಲ... ಆಮೇಲೆ ಆ ಮೆತ್ತನೆಯ ದನಿ ಬಂತು. ಹಿಂದಿನ ಬೆಂಚಿನತ್ತ ನೋಡುವ ಧೈರ್ಯ ಅವಳಿಗಿರಲಿಲ್ಲ.

“ಇಷ್ಟು ಮರ್ಯಾದೆ ಹೋಗೋದನ್ನ ಯಾಕೆ ಕತ್ತರಿಸಲಿಲ್ಲ?” ವಕೀಲರು ಕೇಳಿದರು.

“ಕತ್ತರಿಸಿದ್ರೆ ನಿಮ್ಮ ಕಕ್ಷಿದಾರರು ಇವತ್ತೇ ಮನೆಗೆ ಹೋಗ್ತಿದ್ರು.”

ನ್ಯಾಯಾಧೀಶರು ರೆಕಾರ್ಡನ್ನು ಸಾಕ್ಷಿಯಾಗಿ ಒಪ್ಪಿಕೊಂಡರು. ವಕೀಲರು ಕೂತರು.

ಹೊರಗಿನ ಕಾರಿಡಾರಿನ ಬೆಂಚಿನಲ್ಲಿ ಅವಳು ತಲೆ ತಗ್ಗಿಸಿ ಕೂತಿದ್ದಾಗ ಅವನು ಬಂದು ಪಕ್ಕದಲ್ಲಿ ಕೂತ.

“ಅರ್ಧ ಪೆಟ್ಟಿಗೆ ನೋಡಿ ಸಹಿ ಹಾಕಿಬಿಟ್ಟೆ,” ಎಂದ. “ನನ್ನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ನಂಗೇ ನಾಚಿಕೆ ಆಗ್ತಿದೆ.”

“ನಾನು ನಕ್ಕಿದ್ದು ನಿಜ.”

“ಹೌದು. ನೋವಾಯ್ತು. ಇವತ್ತು ಕೇಳಿದಾಗ್ಲೂ ಆಯ್ತು.”

“ಕ್ಷಮಿಸಿ...” ಅವಳ ಕಣ್ಣು ತುಂಬಿತು.

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಯೋಚಿಸಿದ. “ನೀವು ಇಡೀ ಕೋರ್ಟಿನ ಮುಂದೆ ಹೇಳಿಬಿಟ್ಟಿರಿ. ನಾನು ಇಲ್ಲಿ ಮೂಲೇಲಿ ಕೂತು ಪಿಸುಗುಟ್ಟಿದ್ರೆ ನ್ಯಾಯ ಅಲ್ಲ.”

ಅವಳಿಗೆ ಅರ್ಥವಾಗುವಷ್ಟರಲ್ಲಿ ಎದ್ದು ನಿಂತಿದ್ದ. ಸಾಮಾನ್ಯವಾಗಿ ನಾಲ್ಕು ಜನರ ಮುಂದೆ ಬಾಯಿಬಿಡಲು ಬೆವರುವ ಮನುಷ್ಯ, ವಕೀಲರು, ಗುಮಾಸ್ತರು, ಕಕ್ಷಿದಾರರು ಗಿಜಿಗುಟ್ಟುವ ಆ ಕಾರಿಡಾರಿನಲ್ಲಿ ಗಂಟಲು ಸರಿಮಾಡಿಕೊಂಡ.

“ನಾನು ಪೊಲೀಸ್ ಅಲ್ಲ, ಪೆಟ್ಟಿಗೆ ಬಿಚ್ಚಿ ಹಲ್ಲಿ ಹುಡುಕೋನು. ಇವರಂದ್ರೆ ನಂಗೆ ಪ್ರಾಣ. ನನ್ನನ್ನ ಮದುವೆ ಆಗ್ತೀರಾ ಅಂತ ಇವರನ್ನ ಕೇಳ್ತಾ ಇದ್ದೀನಿ.”

ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ಕಿವಿಗಳು ಕೆಂಡದಂತಾಗಿದ್ದವು. ಅವಳು ಅಳುವೋ ನಗುವೋ ತಿಳಿಯದೆ ಅವನ ತೋಳು ಹಿಡಿದೆಳೆದಳು.

“ಕೂತ್ಕೊಳ್ಳಿ... ಎಲ್ರೂ ನೋಡ್ತಿದ್ದಾರೆ.”

“ನೋಡ್ಲಿ. ಉತ್ತರ ಹೇಳಿ.”

“ಮೊದಲು ಕೂತ್ಕೊಳ್ಳಿ,” ಎಂದಳು ಅವಳು, ಮುಖವನ್ನು ಅವನ ತೋಳಿನಲ್ಲಿ ಅಡಗಿಸಿಕೊಂಡು. “ಹೂಂ... ಆಗ್ತೀನಿ.”